ತಳ ನೋಡದ ಬ್ಯಾಟರಿ

"ಗುರುಗಳೇ, ನನ್ನೊಳಗೆ ಎಷ್ಟಿದೆ ಎಂದು ನನಗೆ ತಿಳಿಯುವುದು ಹೇಗೆ?" ಎಂದು ನಿರುಪಾದಿ ಕೇಳಿದ.

ಅವನು ಮಠಕ್ಕೆ ಬಂದು ಹಲವು ವರ್ಷಗಳಾಗಿದ್ದವು. ಅವನು ಪ್ರವಚನಕ್ಕೆ ಕುಳಿತಾಗಲೆಲ್ಲ ಗುರುಗಳು ಪಕ್ಕದಲ್ಲೇ ಇರುತ್ತಿದ್ದರು. ಮಾತು ಎಲ್ಲಿ ತಡವರಿಸಿತೋ ಅಲ್ಲಿ ಅವನು ಅವರ ಮುಖ ನೋಡುತ್ತಿದ್ದ, ಅವರು ಮುಂದಿನ ಮಾತನ್ನು ಎತ್ತಿಕೊಡುತ್ತಿದ್ದರು. ಈಗ ಪಕ್ಕದ ಊರಿನವರು ಬಂದು ಪ್ರವಚನಕ್ಕೆ ಯಾರನ್ನಾದರೂ ಕಳಿಸಿಕೊಡಿ ಎಂದು ಕೇಳಿದ್ದರು. ಗುರುಗಳು ಹಿಂದೆಮುಂದೆ ನೋಡದೆ ನಿರುಪಾದಿಯ ಹೆಸರು ಹೇಳಿದ್ದರು. ಅವತ್ತಿನಿಂದ ಅವನಿಗೆ ಅನ್ನ ಸೇರುತ್ತಿರಲಿಲ್ಲ. ನಾಳೆಯೇ ಪ್ರವಚನ. ಕಾಲು ಗಂಟೆಗೆ ಮಾತೆಲ್ಲ ಬತ್ತಿಹೋದರೆ ಜನರೆದುರು ತಲೆಯೆತ್ತುವುದು ಹೇಗೆ, ಆಮೇಲೆ ಮಠದಲ್ಲಿ ಉಳಿಯುವುದಾದರೂ ಯಾವ ಮುಖ ಹೊತ್ತು ಎಂದು ಒಳಗೊಳಗೇ ಬೇಯುತ್ತಿದ್ದ. ನೀವೂ ಬನ್ನಿ, ಸುಮ್ಮನೆ ಕುಳಿತಿದ್ದರೆ ಸಾಕು ಎಂದು ಬೇಡಿಕೊಂಡ.

ಗುರುಗಳು ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎಂದೂ ಅನ್ನಲಿಲ್ಲ. ಕೂತುಕೋ ಮಾರಾಯ ಎಂದರು. ಇದು ಯಾವ ಪುರಾಣದಲ್ಲೂ ಇಲ್ಲದ ಕತೆ, ಗ್ರಂಥ ತಿರುವಿಹಾಕಲು ಹೋಗಬೇಡ ಎಂದು ಮೊದಲೇ ಎಚ್ಚರಿಸಿ ಶುರುಮಾಡಿದರು.

ಒಬ್ಬ ಶಿಕ್ಷಕಿ ಇದ್ದಳು. ಕುರಿಗಾರರ ಮಕ್ಕಳಿಗೆ ಅಕ್ಷರ ಕಲಿಸುವುದು ಅವಳ ಕೆಲಸ. ಕುರಿಗಾರರು ಒಂದು ಕಡೆ ನಿಲ್ಲುವವರಲ್ಲ. ಇವತ್ತು ಈ ಹೊಲದಲ್ಲಿ ಮಂದೆ ತರುಬಿದರೆ ನಾಳೆ ನಾಡಿದ್ದು ಇನ್ನೊಂದು ಹೊಲ. ಇವಳೂ ಅವರ ಬೆನ್ನುಹತ್ತಿ ಹೋಗುತ್ತಿದ್ದಳು. ಬಗಲಲ್ಲಿ ಒಂದು ಹಳೆಯ ಲ್ಯಾಪ್‌ಟಾಪ್, ಯಾರೋ ಬಳಸಿ ಬಿಟ್ಟಿದ್ದು. ಹೊಸ ಕಾಲದ ಭಾರವನ್ನು ಅದು ಹೊರಲಾರದೆಂದು ಅದರೊಳಗೆ ಯಂತ್ರ ನಡೆಸುವ ಲಿನಕ್ಸ್ ಎಂಬ ತಂತ್ರಾಂಶ ಹಾಕಿಕೊಂಡಿದ್ದಳು. ಲಿನಕ್ಸ್ ಹಗುರ. ಹೇಳಿದಷ್ಟು ಮಾಡುತ್ತದೆ, ಕೇಳಿದ್ದಕ್ಕೆ ಮುಚ್ಚುಮರೆಯಿಲ್ಲದೆ ಉತ್ತರ ಕೊಡುತ್ತದೆ. ನನ್ನ ಶಿಷ್ಯರೂ ಹಾಗೇ ಇದ್ದಿದ್ದರೆ ನಾನು ಇನ್ನೂ ಸ್ವಲ್ಪ ದಪ್ಪಗಾಗುತ್ತಿದ್ದೆ.

ಯಂತ್ರ ಚೆನ್ನಾಗಿತ್ತು, ಬ್ಯಾಟರಿ ಕೈಕೊಟ್ಟಿತು. ಪೂರ್ತಿ ತುಂಬಿಸಿ ತಂದರೂ ಅರ್ಧ ಗಂಟೆಯಾಗುವಷ್ಟರಲ್ಲಿ, ಎಷ್ಟು ಉಳಿದಿದೆಯೆಂದು ತೋರಿಸುವ ಅಂಕಿ ಜರ್ರನೆ ಇಳಿದು, ಕೆಂಪು ಗುರುತು ಬಂದು, ಯಂತ್ರ ಮಲಗಿಬಿಡುತ್ತಿತ್ತು. ಪಾಠ ಅರ್ಧಕ್ಕೇ ನಿಲ್ಲುತ್ತಿತ್ತು. ಅವಳು ಚಾರ್ಜರ್ ಬದಲಿಸಿ ನೋಡಿದಳು. ಬ್ಯಾಟರಿ ಬಿಚ್ಚಿ, ಅದರ ಹಲ್ಲುಗಳನ್ನು ಒಣಬಟ್ಟೆಯಿಂದ ಒರೆಸಿ, ಮತ್ತೆ ಕೂರಿಸಿದಳು. ಲಿನಕ್ಸನ್ನೇ ಅಳಿಸಿ ಹೊಸದಾಗಿ ಹಾಕಿದಳು. ಏನು ಮಾಡಿದರೂ ಅದೇ ರಾಗ.

ಕೊನೆಗೆ ಪೇಟೆಯ ಒಬ್ಬ ವ್ಯಾಪಾರಿಗೆ ತೋರಿಸಿದಳು. ಅವನು ಅಂಕಿ ನೋಡಿ, ಬ್ಯಾಟರಿ ಸತ್ತಿದೆ ಎಂದ. ಈ ಮಾದರಿಯದು ಈಗ ಎಲ್ಲೂ ಸಿಗುವುದಿಲ್ಲ, ಯಂತ್ರವನ್ನು ಗುಜರಿಗೆ ಹಾಕಿಬಿಡಿ ಎಂದೂ ಹೇಳಿದ. ಅವನನ್ನು ಬೈಯಬೇಡ. ಬ್ಯಾಟರಿ ತನ್ನ ಬಗ್ಗೆ ಏನು ಹೇಳಿಕೊಂಡಿತೋ ಅದನ್ನೇ ಅವನೂ ಹೇಳಿದ.

ಅವಳು ಅಷ್ಟಕ್ಕೆ ಬಿಡುವವಳಲ್ಲ, ಗಟ್ಟಿಗಿತ್ತಿ. ನೇರವಾಗಿ ಲಿನಕ್ಸನ್ನೇ ಕೇಳಿದಳು. ಈ ಬ್ಯಾಟರಿ ಹೊಸದರಲ್ಲಿ ಎಷ್ಟು ಹಿಡಿಯುತ್ತಿತ್ತು, ಈಗ ಎಷ್ಟು ಹಿಡಿಯುತ್ತದೆ ಎಂದು. ಮೂರರಲ್ಲಿ ಒಂದು ಪಾಲೂ ಇಲ್ಲ ಎಂದು ಉತ್ತರ ಬಂತು. ಅಂಥದ್ದೇ ಯಂತ್ರ ಇಟ್ಟುಕೊಂಡವರು ಅಲ್ಲಲ್ಲಿ ಬರೆದದ್ದನ್ನು ಹುಡುಕಿ ಓದಿದಳು. ಬ್ಯಾಟರಿಯೊಳಗೆ ಲೆಕ್ಕ ಇಡುವ ಒಂದು ಸಣ್ಣ ಚಿಪ್ ಇರುತ್ತದಂತೆ. ಅದು ಒಳಗೆ ಇಣುಕಿ ನೋಡುವುದಿಲ್ಲ, ಅಂದಾಜು ಮಾಡುತ್ತದೆ. ಬ್ಯಾಟರಿ ಆಗೊಮ್ಮೆ ಈಗೊಮ್ಮೆ ಪೂರ್ತಿ ಬರಿದಾಗಿ ತುಂಬಿದರೆ ಅಂದಾಜು ಸರಿಯಾಗಿರುತ್ತದೆ. ಎಂದೂ ಬರಿದಾಗದಿದ್ದರೆ ತಪ್ಪಿನ ಮೇಲೆ ತಪ್ಪು ಸೇರಿ, ಇರುವುದನ್ನೂ ಇಲ್ಲ ಎನ್ನತೊಡಗುತ್ತದೆ. ಒಮ್ಮೆ ತಳ ಕಾಣುವವರೆಗೆ ಓಡಲು ಬಿಡಿ, ಆಮೇಲೆ ಪೂರ್ತಿ ತುಂಬಿಸಿ ಎಂದು ಅವರು ಬರೆದಿದ್ದರು.

ಸುಲಭದ ಮದ್ದು, ಅಲ್ಲವೇ? ಅವಳಿಂದ ಅದೊಂದು ಮಾತ್ರ ಆಗಲಿಲ್ಲ. ಅವಳ ತಾಯಿ ಅಕ್ಕಿ ಡಬ್ಬಿಯ ತಳವನ್ನು ಯಾರಿಗೂ ತೋರಿಸಿದವಳಲ್ಲ. ಎಂಥ ಕಷ್ಟ ಬಂದರೂ ಒಂದು ಹಿಡಿ ಉಳಿಸಿ, ಅದರ ಮೇಲೇ ಹೊಸ ಅಕ್ಕಿ ಸುರಿಯುತ್ತಿದ್ದಳು. ಅಕ್ಕಿ ಮುಗಿಯಿತು ಎಂಬ ಮಾತು ಆ ಮನೆಯಲ್ಲಿ ಬಾಯಿಗೆ ಬರಬಾರದು, ತುಂಬಿದೆ ಎನ್ನಬೇಕು. ನಮ್ಮ ದಾಸೋಹದಲ್ಲೂ ಹಾಗೇ ತಾನೆ? ಆ ತಾಯಿಯ ಕೈಯಲ್ಲಿ ಬೆಳೆದ ಮಗಳು ಬ್ಯಾಟರಿಯನ್ನೂ ಅಕ್ಕಿ ಡಬ್ಬಿ ಎಂದುಕೊಂಡಳು. ಅಂಕಿ ತುಸು ಇಳಿಯಿತೋ ಇಲ್ಲವೋ, ಹತ್ತಿರದ ಊರಿಗೆ ಓಡಿಹೋಗಿ ಚಾರ್ಜಿಗೆ ಹಾಕುವಳು.

ಹೀಗಿರುವಾಗ ಹಟ್ಟಿಯ ಹಿರಿಯ ಅವಳನ್ನು ಕರೆಸಿದ. ಬೆಳಗಾದರೆ ಮಂದೆ ಹೊಳೆ ದಾಟುತ್ತದೆ, ಆಚೆ ದಂಡೆಗೂ ನೀವು ಬರಬೇಕೋ ಬೇಡವೋ ಎಂಬುದು ಇವತ್ತೇ ತೀರ್ಮಾನವಾಗಲಿ ಎಂದ. ಅಕ್ಷರ ಕಲಿತ ಮಕ್ಕಳು ಕುರಿಗಳನ್ನು ಮರೆಯುತ್ತವೆ ಎಂಬುದು ಅವನ ಅಳುಕು. ಆ ಮಕ್ಕಳೆಂದರೆ ಅವಳಿಗೆ ಪ್ರಾಣ. ಪ್ರತಿಯೊಂದು ಮಗುವೂ ತನ್ನ ಕುರಿಗಳ ಬಗ್ಗೆ ತಾನೇ ಬರೆದು ತಾನೇ ಓದುವುದನ್ನು ಸೆರೆಹಿಡಿದು, ಅವಳು ಒಂದು ಗಂಟೆಯ ಚಿತ್ರ ಮಾಡಿಟ್ಟಿದ್ದಳು. ಅದನ್ನು ಕೊನೆಯತನಕ ನೋಡಿ, ಆಮೇಲೆ ನಿಮ್ಮ ಮಾತು ಹೇಳಿ ಎಂದು ಕೇಳಿಕೊಂಡಳು. ಹಿರಿಯ ಆಗಲಿ ಎಂದ.

ಕೊನೆಯತನಕ ಎಂದು ಬಾಯಿಬಿಟ್ಟ ಮೇಲೆ ಅವಳಿಗೆ ಬ್ಯಾಟರಿಯ ನೆನಪಾಯಿತು ನೋಡು. ಸುತ್ತ ಕೊಯ್ದು ಬಿಟ್ಟ ಹೊಲ. ಕಣ್ಣು ಹಾಯಿಸಿದಷ್ಟು ದೂರ ಕರೆಂಟಿನ ಕಂಬವಿಲ್ಲ. ಹಿಂದಿನ ಊರಿನಲ್ಲಿ ತುಂಬಿಸಿ ತಂದದ್ದೇ ಗತಿ, ಅದೂ ಅರ್ಧ ಗಂಟೆಯ ಮಾತು.

ಮಧ್ಯಾಹ್ನ ಗುಡಾರದ ಬಾಯಿಗೆ ಕಂಬಳಿ ಇಳಿಬಿಟ್ಟು ಕತ್ತಲೆ ಮಾಡಿದರು. ಹಟ್ಟಿಗೆ ಹಟ್ಟಿಯೇ ಒತ್ತೊತ್ತಾಗಿ ಬಂದು ಕುಳಿತಿತು. ಅವಳು ಪರದೆಯ ಬೆಳಕನ್ನು ಆದಷ್ಟು ತಗ್ಗಿಸಿ ಚಿತ್ರ ಹಾಕಿದಳು. ಒಂದು ಹುಡುಗಿ ತನ್ನ ಕುರಿ ಈದ ಕತೆ ಓದಿದಳು. ಇನ್ನೊಬ್ಬ ಕುರಿಯ ಕಾಲುಬೇನೆಗೆ ಯಾವ ಸೊಪ್ಪು ಅರೆಯಬೇಕೆಂದು ಓದಿದ. ಹಿರಿಯನ ಮುಖ ಸಡಿಲಾಗತೊಡಗಿತ್ತು. ಅಷ್ಟರಲ್ಲಿ ಮೂಲೆಯಲ್ಲಿ ಕೆಂಪು ಗುರುತು ಬಂತು.

ಈಗ ಯಂತ್ರ ಮಲಗುತ್ತದೆ. ಅದನ್ನು ಮಲಗಿಸುವುದು ಬ್ಯಾಟರಿಯಲ್ಲ, ಲಿನಕ್ಸು. ಅಂಕಿ ಇಷ್ಟಕ್ಕಿಳಿದರೆ ಮಲಗು ಎಂದು ಅದಕ್ಕೆ ಅಪ್ಪಣೆ ಕೊಟ್ಟಿಟ್ಟವಳು ಇವಳೇ. ಅವಳು ಒಮ್ಮೆ ಹಿರಿಯನ ಕಡೆ ನೋಡಿದಳು, ಒಮ್ಮೆ ಮಕ್ಕಳ ಕಡೆ ನೋಡಿದಳು. ತಪ್ಪಾಯಿತಮ್ಮ ಎಂದು ಮನಸ್ಸಿನಲ್ಲೇ ತಾಯಿಗೆ ಕೈಮುಗಿದು ಆ ಅಪ್ಪಣೆಯನ್ನು ತೆಗೆದುಹಾಕಿದಳು.

ಅಂಕಿ ಐದಾಯಿತು, ಎರಡಾಯಿತು, ಸೊನ್ನೆಯಾಯಿತು. ಅಂಕಿ ಕಲಿತ ಮಕ್ಕಳು ಸುಮ್ಮನಿರುತ್ತವೆಯೇ, ಸೊನ್ನೆ ಸೊನ್ನೆ ಎಂದು ಕೂಗಿದವು. ಚಿತ್ರ ನಡೆಯುತ್ತಲೇ ಇತ್ತು.

ಹಿರಿಯ ಮುಂದಕ್ಕೆ ಬಗ್ಗಿದ. "ಅಕ್ಕೋರೆ, ಸೊನ್ನೆ ಅಂದ್ರ ಏನೂ ಇಲ್ಲ ಅಂತ ಅಲ್ರಿ?"

"ಹೌದ್ರಿ, ಏನೂ ಇಲ್ಲ ಅಂತ."

"ಹಂಗಾದ್ರ ಈಗ ಮಾತಾಡಾಕತ್ತಿದ್ದು ಏನು?"

ಇಡೀ ಗುಡಾರ ಗೊಳ್ಳೆಂದಿತು. ಅವಳೂ ನಕ್ಕಳು, ನಕ್ಕು ನಕ್ಕು ಕಣ್ಣಲ್ಲಿ ನೀರು ತಂದುಕೊಂಡಳು. ಆಮೇಲೆ ಚಿತ್ರ ನೋಡಿದವರೆಷ್ಟೋ ಸೊನ್ನೆ ನೋಡಿದವರೆಷ್ಟೋ. ಹೊಸ ಮಗು ಓದಲು ಬಂದಾಗಲೆಲ್ಲ ಇನ್ನೂ ಸೊನ್ನೆ ಎಂದು ಚಪ್ಪಾಳೆ ಬೀಳುತ್ತಿತ್ತು. ಕೊನೆಯ ಮಗುವೂ ಓದಿ ಮುಗಿಸಿತು. ಹಿರಿಯ, ಇನ್ನೊಂದು ಸಲ ಹಾಕಿ ಎಂದ. ಎರಡನೆಯ ಸಲ ಈದ ಕುರಿಯ ಕತೆ ಮುಗಿದು ಸೊಪ್ಪಿನ ಮಾತು ನಡೆಯುತ್ತಿದ್ದಾಗ ಯಂತ್ರ ತಾನಾಗಿಯೇ ಆರಿತು. ಹಿರಿಯ ಎದ್ದು ಕಂಬಳಿ ಮೇಲೆತ್ತಿದ. ಹೊಳೆ ದಾಟುವಾಗ ಅಕ್ಕೋರ ಪೆಟ್ಟಿಗೆ ನೆನೆಯದಂತೆ ಕುದುರೆಯ ಮೇಲೆ ಎತ್ತರಕ್ಕೆ ಕಟ್ಟಿ ಎಂದು ತನ್ನವರಿಗೆ ಹೇಳಿದ. ತೀರ್ಮಾನ ಆಗಿಹೋಗಿತ್ತು.

ಹೊಳೆಯಾಚೆ ಸಿಕ್ಕ ಮೊದಲ ಊರಿನಲ್ಲಿ ಅವಳು ಬ್ಯಾಟರಿಯನ್ನು ಪೂರ್ತಿ ತುಂಬಿಸಿದಳು. ಆಮೇಲೆ ಲಿನಕ್ಸನ್ನು ಕೇಳಿದರೆ, ಮೂರರಲ್ಲಿ ಎರಡು ಪಾಲು ಇದೆ ಎಂದಿತು. ಬ್ಯಾಟರಿ ಹೊಸದೇನೂ ಆಗಿರಲಿಲ್ಲ. ಮುದಿ ಬ್ಯಾಟರಿ ಮುದಿಯೇ. ಇದ್ದದ್ದನ್ನು ಇದೆ ಎನ್ನಲು ಕಲಿತಿತ್ತು, ಅಷ್ಟೆ.

ಕತೆ ಮುಗಿದರೂ ಗುರುಗಳ ನಗು ನಿಂತಿರಲಿಲ್ಲ. ನಿರುಪಾದಿಯೂ ಹೊಟ್ಟೆ ತುಂಬ ನಕ್ಕಿದ್ದ. ಎಷ್ಟೋ ದಿನದ ಮೇಲೆ ಅವನ ಎದೆ ಹಗುರಾಗಿತ್ತು. ಆದರೂ ನಾಳೆಯ ಸಭೆ ಕಣ್ಣಮುಂದೆ ಬಂದು ಕೇಳಿಯೇ ಕೇಳಿದ.

"ಗುರುಗಳೇ, ಅಷ್ಟು ಜನರ ಮುಂದೆ ನಾನು ನಿಜವಾಗಿಯೂ ಬರಿದಾಗಿಬಿಟ್ಟರೆ?"

"ಬರಿದಾದ ಮೇಲೆ, ಎಷ್ಟಿತ್ತೆಂದು ಬಂದು ಹೇಳು, ನಾನು ಇಲ್ಲೇ ಕುಳಿತಿರುತ್ತೇನೆ."

ನಿರುಪಾದಿ ಎದ್ದು ನಮಸ್ಕರಿಸಿ, ನಾಳೆಯ ದಾರಿಗೆ ಒಬ್ಬನಿಗಾಗುವಷ್ಟು ಬುತ್ತಿ ಕಟ್ಟಿಕೊಳ್ಳಲು ಹೋದ.