ಕೆಂಬಯಲನ್ನು ಬಲ್ಲವನು

"ಕೇಳಿರಯ್ಯಾ ಕೇಳಿ. ರಾಜಕುಮಾರಿ ಕಂಚಲದೇವಿಯವರು ಮೂರು ಒಗಟು ಕೇಳುತ್ತಾರೆ. ಮೂರನ್ನೂ ಬಿಡಿಸಿದವನಿಗೆ ಅವರನ್ನು ಕೊಟ್ಟು ಮದುವೆ, ಜೊತೆಗೆ ಅರ್ಧ ರಾಜ್ಯ. ತಪ್ಪಿದವನ ತಲೆ ಹುಣ್ಣಿಮೆಯ ದಿನ ಉರುಳುತ್ತದೆ."

ಡಂಗುರ ಕೇಳಿ ನಾನು ಮೀಸೆ ತಿರುವಿದೆ. ನಾನು ಜಗದೇವ, ದಂಡನಾಯಕರ ಮಗ. ಮೂವತ್ತು ವರ್ಷದ ಹಿಂದೆ ಕೆಂಬಯಲಿನ ಯುದ್ಧ ಗೆದ್ದುಕೊಟ್ಟವರು ನನ್ನ ತಂದೆ. ಆ ಯುದ್ಧದ ಲಾವಣಿಯೆಲ್ಲ ನನಗೆ ಬಾಯಿಪಾಠ. ಒಗಟುಗಳು ಕೆಂಬಯಲಿನವೇ ಎಂದು ತಿಳಿದಾಗ ಕಂಚಲದೇವಿ ನನ್ನವಳಾದಳೆಂದೇ ಲೆಕ್ಕ ಹಾಕಿದೆ.

ಸಭೆಯಲ್ಲಿ ಅವಳು ಕೇಳಿದಳು: "ಕೆಂಬಯಲಿನಲ್ಲಿ ಯಾರೂ ಬಿತ್ತದ ಬೆಳೆಯೊಂದು ವರ್ಷವರ್ಷವೂ ಮೇಲೆ ಬರುತ್ತದೆ. ಯಾವುದದು?"

ನೆರೆರಾಜ್ಯದ ಯುವರಾಜ "ಗರಿಕೆ" ಎಂದ. ಅವನನ್ನು ಕಟ್ಟಿ ನಿಲ್ಲಿಸಿದರು. ನಾನು ಎದೆ ಸೆಟೆಸಿ "ಕೀರ್ತಿ" ಎಂದೆ. ನನ್ನನ್ನೂ ಕಟ್ಟಿ ಅವನ ಪಕ್ಕದಲ್ಲೇ ನಿಲ್ಲಿಸಿದರು.

ಆಮೇಲೆ ಮುಂದೆ ಬಂದವನು ಮಾಳಿಂಗ ಎಂಬ ಕುರಿಗಾಹಿ. ಹೆಗಲ ಮೇಲೆ ಕಂಬಳಿ, ಮೈತುಂಬ ಕುರಿಯ ವಾಸನೆ. ಇವನೂ ತಪ್ಪಲಿ ಎಂದು ಮನೆದೇವರಿಗೆ ಹರಕೆ ಹೊತ್ತೆ.

"ಕಬ್ಬಿಣ, ತಾಯಿ," ಎಂದ ಅವನು. "ಬಾಣದ ಮೊನೆ, ಭರ್ಜಿ ಚೂರು. ಗೊಬ್ಬರಕ್ಕೆ ಅಂತ ಹೊಲದಾಗೆ ಕುರಿ ಮಂದೆ ನಿಲ್ಲಿಸ್ತೀನಿ. ಮುಂಗಾರಿಗೆ ಮಣ್ಣು ಕರಗಿದ್ರೆ ಸಾಕು, ಮೇಲೆ ಬಂದು ಗೊರಸಿಗೆ ಚುಚ್ತಾವೆ."

ಕಂಚಲದೇವಿ ಎರಡನೆಯದನ್ನು ಕೇಳಿದಳು: "ಬರಗಾಲದಲ್ಲೂ ಅಲ್ಲೊಂದು ಕಡೆ ಹುಲ್ಲು ಹಸಿರಾಗಿರುತ್ತದೆ. ಹಸಿದ ಕುರಿಯನ್ನೂ ಅಲ್ಲಿ ಯಾಕೆ ಮೇಯಿಸುವುದಿಲ್ಲ?"

"ಅದರ ಕೆಳಗೆ ನಮ್ಮೋರು, ವೈರಿಗಳು ಎಲ್ಲರನ್ನೂ ಒಂದೇ ಗುಂಡಿಯಾಗೆ ಹೂತವ್ರೆ. ಅಲ್ಲಿ ಹಾಯೋವಾಗ ಮುಂದಿನ ಟಗರಿನ ಗಂಟೆಗೆ ಹುಲ್ಲು ತುರುಕಿ, ಸದ್ದಿಲ್ದಂಗೆ ದಾಟಿಸ್ತೀವಿ."

"ಹೊಡೆದವರು ಸತ್ತರು, ಹೊಡೆಸಿಕೊಂಡವರೂ ಸತ್ತರು. ಗಾಯ ಮಾತ್ರ ಉಳಿದಿದೆ. ಯಾರ ಮೈಮೇಲೆ?"

"ನೆಲದ ಮೈಮ್ಯಾಲೆ, ತಾಯಿ. ಆನೆ ಬೀಳಿಸಾಕೆ ದಂಡನಾಯಕರು ತೋಡಿಸಿದ ಕಂದಕ ಇನ್ನೂ ಬಾಯಿ ಮುಚ್ಚಿಲ್ಲ. ಹೋದ ಮಳೆಗಾಲ ನನ್ನ ಮೂರು ಕುರಿ ಅದ್ರಾಗೇ ಬಿದ್ದು ಸತ್ವು."

ಮೂರೂ ಸರಿಯೆಂದು ಕಂಚಲದೇವಿ ನಕ್ಕಳು. ನನ್ನನ್ನು ನೋಡಿ ಒಮ್ಮೆಯೂ ನಗದವಳು ಕುರಿ ಕಾಯುವವನನ್ನು ನೋಡಿ ನಕ್ಕಳು. ತಲೆ ಹೋಗುವ ಭಯಕ್ಕಿಂತ ಆ ನಗುವಿಗೇ ನನ್ನ ಹೊಟ್ಟೆ ಹೆಚ್ಚು ಉರಿಯಿತು.

ಮಗಳನ್ನೂ ಅರ್ಧ ರಾಜ್ಯವನ್ನೂ ಒಪ್ಪಿಸಿದ ಮಹಾರಾಜರು, "ಇನ್ನೇನಾದರೂ ಬೇಕೇನಯ್ಯಾ?" ಎಂದರು.

ಮಾಳಿಂಗ ನಮ್ಮಿಬ್ಬರ ಕಡೆ ನೋಡಿದ. "ಇವ್ರ ತಲೆ ತೆಗೀಬ್ಯಾಡ್ರಿ, ಬುದ್ಧಿ. ಆ ಬಯಲಾಗೆ ತಲೆಗಳು ಸಾಕಷ್ಟು ಅದಾವೆ. ಕೈಗೆ ಪುಟ್ಟಿ ಕೊಡ್ರಿ, ಕಂದಕ ಮುಚ್ಚಲಿ."

ಹೀಗೆ ನನ್ನ ತಲೆ ಉಳಿಯಿತು. ಅಪ್ಪ ತೋಡಿಸಿದ್ದನ್ನು ನಾನೀಗ ಪುಟ್ಟಿ ಪುಟ್ಟಿ ಮಣ್ಣು ಹೊತ್ತು ಮುಚ್ಚುತ್ತಿದ್ದೇನೆ. ಅವರಿಬ್ಬರೂ ಸಂಜೆ ಮಂದೆ ನೋಡಲು ಜೊತೆಯಾಗಿ ಬರುತ್ತಾರೆ. ನನ್ನ ಹೊಟ್ಟೆಕಿಚ್ಚು ಆರಿಲ್ಲ, ಸುಳ್ಳು ಯಾಕೆ ಹೇಳಲಿ.

ನಿನ್ನೆ ಗುದ್ದಲಿಗೆ ಬಾಣದ ಮೊನೆಯೊಂದು ತಗುಲಿತು. ಒರೆಸಿ ನೋಡಿದರೆ ಅದರ ಮೇಲೆ ನಮ್ಮ ಮನೆತನದ ಮುದ್ರೆ. ಕುರಿಯ ಗೊರಸಿಗೆ ಚುಚ್ಚೀತೆಂದು ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಮತ್ತೆ ಪುಟ್ಟಿ ಹೊತ್ತೆ.