ಗುಗ್ರಿಗೆ ಹೂಂ ಅಂದವಳು

ಒಂದಾನೊಂದು ಕಾಲದಲ್ಲಿ... ಹೂಂ ಅನ್ನು ಪುಟ್ಟಿ, ಹೂಂ ಅನ್ನೋರಿಲ್ಲದಿದ್ರೆ ಕತೆ ದಾರಿ ತಪ್ಪಿ ಇನ್ಯಾರ ಮನೆಗೋ ಹೋಗಿಬಿಡುತ್ತೆ. ಮಂಚದಡಿ ನಮ್ಮ ನಾಯಿ ಜೀರ್ಗೆನೂ ಕೇಳಿಸಿಕೊಳ್ಳಲಿ, ಇದು ಅವನ ಕುಲದ್ದೇ ಕತೆ.

ಒಂದಾನೊಂದು ಕಾಲದಲ್ಲಿ ಒಂದೂರಲ್ಲಿ ತಿಪ್ಪಕ್ಕ ಅಂತ ಒಬ್ಬಳಿದ್ದಳಂತೆ. ಹಿಂದಿಲ್ಲ, ಮುಂದಿಲ್ಲ, ಅವಳಿಗಿದ್ದಿದ್ದು ಒಂದು ನಾಯಿ. ಮೈಮೇಲೆ ಬೇಯಿಸಿದ ಹುರುಳಿ ಚೆಲ್ಲಿದ ಹಾಗೆ ಚುಕ್ಕೆ, ಅದಕ್ಕೇ ಗುಗ್ರಿ ಅಂತ ಹೆಸರು. ಮನೆಯೊಳಗೆ ಬೆಣ್ಣೆ. ಹೊಸ್ತಿಲಾಚೆ ಇನ್ನೊಂದು ನಾಯಿ ಕಂಡಿತೋ, ಕೆಂಡ. ಮರಿಯಾಗಿದ್ದಾಗ ಸಂತೆ ನಾಯಿಗಳೆಲ್ಲ ಮುತ್ತಿಕೊಂಡು ಕಚ್ಚಿದ್ದವಂತೆ, ಆ ಭಯ ಹೊಟ್ಟೆಯಲ್ಲೇ ಉಳಿದುಬಿಟ್ಟಿತ್ತು. ಅದು ಹಗ್ಗ ಕಿತ್ತುಹೋಗೋ ಹಾಗೆ ಎಗರಿ ಬೊಗಳಿದರೆ, ತಿಪ್ಪಕ್ಕ ಹಗ್ಗ ಜಗ್ಗಿ ಹಿಡಿದು ಸುಮ್ನಿರೋ, ಸುಮ್ನಿರೋ ಅಂತ ಅದಕ್ಕಿಂತ ಜೋರಾಗಿ ಕೂಗೋಳು. ಇಬ್ಬರಲ್ಲಿ ಬೊಗಳೋರು ಯಾರು ಅಂತ ಊರವರಿಗೇ ಗೊಂದಲವಂತೆ.

ಹೊಡಿ ಅಂದರು, ಅವಳಿಗೆ ಕೈ ಬರಲಿಲ್ಲ. ತಾಯಿತ ಕಟ್ಟು ಅಂದರು, ಕಟ್ಟಿದಳು, ಗುಗ್ರಿ ಅದನ್ನ ತಿಂದುಹಾಕಿತು. ಉಪವಾಸ ಕೆಡವು ಅಂದರು, ನಾಯಿ ಜೊತೆ ಇವಳೂ ಉಪವಾಸ ಬಿದ್ದು ಇಬ್ಬರ ಸಿಟ್ಟೂ ಜಾಸ್ತಿಯಾಯ್ತು. ಆಮೇಲೆ ಒಂದಿನ ಗುಗ್ರಿ ಗೌಡರ ನಾಯಿಯ ಕಿವಿ ಹರಿದುಬಿಡ್ತಂತೆ. ಗೌಡರು ಮೀಸೆ ನಡುಗಿಸಿ, ನೋಡು ತಿಪ್ಪಿ, ಅಮಾವಾಸೆ ದಿನ ಇದು ನನ್ನ ನಾಯಿ ಮುಂದೆ ತೆಪ್ಪಗೆ ಕೂರಬೇಕು, ಇಲ್ಲಾ ಹಾಳೂರಲ್ಲಿ ಕಟ್ಟಿಹಾಕಿ ಬರ್ತೀನಿ ಅಂದರಂತೆ.

ಹಾಳೂರು ಅಂದರೆ ಹಳ್ಳದ ಆಚೆ. ಯಾವ ಕಾಲದಲ್ಲೋ ರೋಗ ಬಂದು ಒಂದು ನರಪಿಳ್ಳೆಯೂ ಉಳಿಯದ ಊರು. ಅಲ್ಲಿ ಕಟ್ಟಿದ್ದು ಯಾವುದೂ ವಾಪಸು ಬಂದಿರಲಿಲ್ಲ.

ಆದರೆ ತಿಪ್ಪಕ್ಕನ ಲೆಕ್ಕವೇ ಬೇರೆ. ನಾಯಿಯೇ ಇಲ್ಲದ ಊರು ಅದೊಂದೇ ಅಲ್ವಾ, ಅಲ್ಲಾದರೂ ನೆಮ್ಮದಿಯಾಗಿ ಒಂದು ಸುತ್ತು ಹಾಕಿಸೋಣ ಅಂತ, ಜನ ಉಂಡು ಮಲಗೋ ಮಟಮಟ ಮಧ್ಯಾಹ್ನ ಗುಗ್ರೀನ ಕರಕೊಂಡು ಹೊರಟಳು. ಹೋದರೆ ಗೋಡೆಗಳೆಲ್ಲ ಬಿದ್ದಿದ್ದವು, ಹೊಸ್ತಿಲುಗಳು ಮಾತ್ರ ಉಳಿದಿದ್ದವು. ಒಂದು ಜಗಲಿ ಮೇಲೆ ಒಬ್ಬ ಮುದುಕಿ ಬೀಸ್ತಾ ಕೂತಿದ್ದಳಂತೆ. ಕಲ್ಲಿನ ಬಾಯಿಗೆ ಕಾಳಿಲ್ಲ, ಸುತ್ತ ಹಿಟ್ಟಿಲ್ಲ, ಬರೀ ಗರಗರ ಸದ್ದು. ಪಕ್ಕದಲ್ಲೊಂದು ಬೂದು ನಾಯಿ.

ಗುಗ್ರಿ ಎಗರಿತು. ತಿಪ್ಪಕ್ಕ ಹಗ್ಗ ಜಗ್ಗಿ, ಸುಮ್ನಿರೋ ಅಂತ ಅರಚಿದಳು.

ಯಾಕವ್ವ ನಾಯಿಗೆ ಛೂ ಅಂತೀಯ, ಅಂದಳು ಮುದುಕಿ.

ನಾನೆಲ್ಲಮ್ಮ ಛೂ ಅಂದೆ? ಸುಮ್ನಿರು ಅಂದೆ.

ನಿನ್ನ ಬಾಯಲ್ಲಿ ಸುಮ್ನಿರು, ಅವನ ಕಿವೀಲಿ ಛೂ. ಇನ್ನೊಂದು ನಾಯಿ ಬಂದಾಗ ಮಾತ್ರ ನೀನು ಆ ಮಾತಾಡೋದು, ಆಗಲೇ ಅವನ ಕತ್ತು ಬಿಗಿಯೋದು. ಸುಮ್ನಿರು ಅಂದ್ರೆ ವೈರಿ ಬಂದ ಅಂತಲೇ ಅವನು ಕಲಿತಿರೋದು. ಅಲ್ಲಿ ನೋಡು, ಅಲ್ಲಿ ನೋಡು ಅಂತ ನಿನಗೆ ಹೇಳ್ತಾನೆ ಪಾಪ, ಒಂದು ಸಲಾನಾದ್ರೂ ಹೂಂ ಅಂದಿದ್ದೀಯ? ಹೂಂ ಅನ್ನೋರಿಲ್ಲದಿದ್ರೆ ಹೇಳೋರು ದನಿ ಏರಿಸ್ತಾರವ್ವ.

ಆಮೇಲೆ ಮುದುಕಿ ದೂರದ ಹುಣಸೆಮರ ತೋರಿಸಿ, ಅಲ್ಲಿಗೆ ಹೋಗು, ಹಗ್ಗ ಸಡಿಲ ಬಿಡು, ಅವನು ನೋಡಿದ ತಕ್ಷಣ, ಬೊಗಳೋ ಮುಂಚೆ, ಹೂಂ ಅಂದು ಒಂದು ಚೂರು ರೊಟ್ಟಿ ಕೊಡು, ಬೊಗಳಿದನೋ ನೀನು ತೀರಾ ಹತ್ತಿರ ಬಂದೆ ಅಂತಲೇ ಅರ್ಥ, ಹಿಂದಕ್ಕೆ ಹೋಗು ಅಂದಳಂತೆ. ತಿಪ್ಪಕ್ಕ ಹಾಗೇ ಮಾಡಿದಳು. ಗುಗ್ರಿ ಬೂದು ನಾಯೀನ ನೋಡ್ತು, ಹೂಂ, ತಿರುಗಿ ಇವಳ ಮುಖ ನೋಡ್ತು. ತಿಪ್ಪಕ್ಕನ ಹೊಟ್ಟೆಗೆ ಹಾಲು ಹೊಯ್ದ ಹಾಗಾಯ್ತು. ಆಗಲೇ ಅವಳ ಕಣ್ಣು ನೆಲಕ್ಕೆ ಬಿದ್ದಿದ್ದು. ಸೂರ್ಯ ನೆತ್ತಿ ಮೇಲಿದ್ದ. ಗುಗ್ರಿಯ ಹೊಟ್ಟೆ ಕೆಳಗೆ ಅಂಗೈಯಗಲ ನೆರಳಿತ್ತು. ಬೂದು ನಾಯಿಯ ಕೆಳಗೆ ಬರೀ ಬಿಸಿಲು.

ಓಡಿಹೋಗಬೇಕಿತ್ತು ಅಲ್ವಾ? ಓಡಿದರೆ ಅಮಾವಾಸೆಗೆ ಗುಗ್ರಿ ಗತಿಯೇನು? ಊರಲ್ಲಿ ಯಾರು ತಾನೇ ತಮ್ಮ ನಾಯೀನ ಇವಳ ಮುಂದೆ ತಂದು ನಿಲ್ಲಿಸ್ತಾರೆ? ಎರಡನೇ ಮಧ್ಯಾಹ್ನವೂ ಹೋದಳು, ಹುಣಸೆಮರಕ್ಕೂ ಜಗಲಿಗೂ ನಡುವೆ ಇದ್ದ ಬಾವಿ ತನಕ. ಮೂರನೇ ಮಧ್ಯಾಹ್ನ ಜಗಲಿ ತನಕ. ಮೂರೇ ಸಲಕ್ಕೆ ಕಲೀತಾ ಅಂದ್ಯಾ? ಕತೆಯಲ್ಲಿ ಮೂರೇ ಕಣೇ, ನಿಜವಾಗಿ ಎಷ್ಟೋ, ಅವಳ ಕಾಲಿಗೇ ಗೊತ್ತು.

ಆ ಮೂರನೇ ಸಲ ಬೀಸೋ ಸದ್ದು ತಟ್ಟನೆ ನಿಂತಿತಂತೆ. ಒಂದೊಂದು ಹೊಸ್ತಿಲಿಂದ ಒಬ್ಬೊಬ್ಬರು ಇಳಿದರು. ಗಂಡಸರು, ಬಸುರಿಯರು, ಕಂಕುಳಲ್ಲಿ ಕೂಸು, ಹಿಂದೆ ನಾಯಿಗಳು. ಧೂಳು ಏಳಲಿಲ್ಲ. ಎಲ್ಲರೂ ಸದ್ದಿಲ್ಲದೆ ಅವಳ ಕಡೆಗೇ ಬಂದರು. ಗುಗ್ರಿ ಬೆನ್ನ ಕೂದಲು ನೆಟ್ಟಗಾಯ್ತು. ತಿಪ್ಪಕ್ಕನ ಕೈ ಹಗ್ಗ ಜಗ್ಗೋಕೆ ಹೋಯ್ತು, ಸುಮ್ನಿರೋ ಅನ್ನೋದು ನಾಲಿಗೆ ತುದಿಗೆ ಬಂತು. ನಾಯಿ ತಿರುಗಿ ಅವಳ ಮುಖ ನೋಡ್ತು. ಅವಳು ಬೆರಳು ಸಡಿಲ ಮಾಡಿ, ಹೂಂ ಕಣೋ, ನನಗೂ ಕಾಣ್ತಿದ್ದಾರೆ ಅಂದಳಂತೆ.

ಗುಗ್ರಿ ಕೂತ್ಕೊಂಡಿತು. ಆಕಳಿಸಿತು. ಜನವೆಲ್ಲ ಬಾವಿ ನೀರಿನ ತಂಪಿನ ಹಾಗೆ ಅವಳ ಪಕ್ಕದಲ್ಲೇ ಹಾದುಹೋದರು. ಕೊನೆಗೆ ಮುದುಕಿ ಎದ್ದು, ಎಷ್ಟು ಕಾಲದಿಂದ ಕೂಗ್ತಿದ್ದೀವಿ, ನಮ್ಮನ್ನ ನೋಡಿ ಹೂಂ ಅಂದೋಳು ನೀನೊಬ್ಬಳೇ ಅಂದಳಂತೆ. ಮತ್ತೆ ನೋಡಿದರೆ ಜಗಲಿಯೂ ಇಲ್ಲ.

ಅಮಾವಾಸೆ ದಿನ ಗೌಡರ ಅಂಗಳದಲ್ಲಿ ಊರೇ ಸೇರಿತ್ತು. ಗೌಡರ ನಾಯಿ ಹರಿದ ಕಿವಿ ನೆನೆದು ಅಬ್ಬರಿಸಿತು. ಗೌಡರು ಸರಪಳಿ ಎಳೆದು ಸುಮ್ನಿರೋ ಅಂದಷ್ಟೂ ಅದು ಎಗರೋದು. ಗುಗ್ರಿ ನೋಡ್ತು, ನಡುಗಿತು, ತಿಪ್ಪಕ್ಕನ ಕಡೆ ತಿರುಗಿತು. ಹೂಂ, ಅಂದಳು. ಕೂತುಬಿಡ್ತು! ಆ ಹೂಂ ಕೇಳಿ ಗೌಡರ ನಾಯಿಯೂ ಬಾಯಿ ಮುಚ್ಚಿತಂತೆ, ಗೌಡರು ಮಾತ್ರ ತೆರೆದ ಬಾಯಿ ಮುಚ್ಚಲಿಲ್ಲ. ಅವತ್ತಿಂದ ಅವರೂ ನಾಯಿಗೆ ಹೂಂ ಅನ್ನೋದು ಕಲಿತರು, ಕ್ರಮೇಣ ಹೆಂಡತಿಗೂ ಕಲಿತರಂತೆ. ತಿಪ್ಪಕ್ಕ, ಗುಗ್ರಿ ಸುಖವಾಗಿದ್ದರು. ಅಮಾವಾಸೆಗೊಂದು ಸಲ ಹಾಳೂರಿಗೆ ಹೋಗಿ, ಹೊಸ್ತಿಲು ಹೊಸ್ತಿಲಿಗೂ ನಿಂತು ಹೂಂ ಅಂದು ಬರೋರಂತೆ. ಅಲ್ಲಿಗೆ ನನ್ನ ಕತೆಯೂ ಬಾಲ ಸುತ್ತಿಕೊಂಡು ಮಲಗ್ತು.

ಪುಟ್ಟೀ? ಏ, ಕತೆ ಬಾವಿ ಹತ್ತಿರ ಬಂದಾಗಲೇ ನಿದ್ದೆ ಹೋದ್ಯೇನೇ?

ಮತ್ತೆ ಇಷ್ಟೊತ್ತು ಹೂಂ ಅಂತಿದ್ದೋರು ಯಾರು?

ಜೀರ್ಗೆ ಎದ್ದು ಕೂತು ಬಾಗಿಲ ಕಡೆ ನೋಡ್ತಿದ್ದಾನೆ. ಬೊಗಳಲಿಲ್ಲ. ತಿರುಗಿ ನನ್ನ ಮುಖ ನೋಡ್ತಿದ್ದಾನೆ.

ಹೂಂ ಕಣೋ, ನನಗೂ ಕಾಣ್ತಿದ್ದಾರೆ. ಕತೆ ಮುಗೀತು ಅಂತ ಅವರಿಗೂ ಗೊತ್ತು, ಹೋಗ್ತಾರೆ. ಮಲ್ಕೋ.