ತೆಸ್ಸಾ ಬರೆದ ಮುಖ

ಐನೂರು ವರ್ಷಕ್ಕೂ ಹಿಂದೆ, ಒಂದಾನೊಂದು ಕಾಲದಲ್ಲಿ, ಕಡಲಾಚೆ ಇಟಲಿ ಅನ್ನೋ ದೇಶದಲ್ಲಿ ಬಾಲ್ದೋ ಅಂತ ಒಬ್ಬ ಮುದುಕ ಚಿತ್ರಗಾರ ಇದ್ದನಂತೆ ಕಂದಾ. ಆಗ ಅಲ್ಲಿ ಚಿತ್ರದ ಹುಚ್ಚು ಅಂದ್ರೆ ಹುಚ್ಚು, ಗೋಡೆ ಬರಿದಾಗಿದ್ರೆ ಊರಿಗೇ ಅವಮಾನ ಅನ್ನೋ ಹಾಗೆ. ಅವನಿಗೆ ತೆಸ್ಸಾ ಅಂತ ಒಬ್ಬಳೇ ಮಗಳು. ಗಾರೆ ಕಲಸೋದು, ಬಣ್ಣ ಅರೆಯೋದು ಎಲ್ಲಾ ಅವಳೇ, ಆದ್ರೆ ಕುಂಚ ಹಿಡಿಯೋದು ಗಂಡಸರ ಕಸುಬು ಅಂತ ಊರ ಕಟ್ಟಳೆ. ಅವಳು ಕದ್ದುಮುಚ್ಚಿ ಹಲಗೆ ಮೇಲೆ ಇದ್ದಿಲಲ್ಲಿ ಬರೀತಿದ್ಲಂತೆ.

ಆಮೇಲೆ ಏನಾಯ್ತು, ಸನ್ಯಾಸಿನಿಯರ ಮಠದವರು ಬಾಲ್ದೋನ ಕರೆಸಿ, ನಮ್ಮ ಚರ್ಚಿನ ಗೋಡೆ ಮೇಲೆ ದೇವರ ತಾಯಿ ಮರಿಯಮ್ಮನ್ನ ಬರೆದುಕೊಡು, ಹಬ್ಬದೊಳಗೆ ಮುಗೀದಿದ್ರೆ ಬೇರೆಯವನನ್ನ ಕರೀತೀವಿ ಅಂದ್ರಂತೆ. ನಿಲುವಂಗಿ ಆಯ್ತು, ತೊಡೆ ಮೇಲಿನ ಕೂಸೂ ಆಯ್ತು, ಮುಖ ಒಂದು ಉಳೀತು ಅನ್ನೋವಾಗ ಮುದುಕನ ಕೈ ನಡುಗೋಕೆ ಹಿಡೀತಂತೆ. ಹಸಿ ಗಾರೆ ಮೇಲೇ ಬರೀಬೇಕು, ಒಣಗಿದ್ರೆ ಬಣ್ಣ ಹಿಡಿಯಲ್ಲ. ಮೊದಲನೇ ದಿನ ಕಣ್ಣು ಸೊಟ್ಟಗಾಯ್ತು, ಕೆರೆದು ಹಾಕಿದ. ಎರಡನೇ ದಿನ ಎಡಗೈಯಲ್ಲಿ ಬಲಗೈ ಹಿಡ್ಕೊಂಡು ಬರೆದ, ತುಟಿ ಕೆನ್ನೆಗೆ ಹೋಯ್ತು, ಅದನ್ನೂ ಕೆರೆದ. ಮೂರನೇ ದಿನ, ನಾಳೆಗೇ ಹಬ್ಬ, ಗಾರೆ ಹಚ್ಚಿ ಆಗಿದೆ, ಮುದುಕ ಏಣಿ ಕೆಳಗೆ ಕೂತು ಅತ್ತೇಬಿಟ್ಟನಂತೆ.

ತೆಸ್ಸಾ ಗಾರೆ ಮುಟ್ಟಿ ನೋಡಿದ್ಲು. ಅಪ್ಪಾ, ಒಣಗ್ತಾ ಇದೆ, ನಾನು ಹತ್ತಲಾ ಅಂದ್ಲು. ಅವನು ಕುಂಚ ಅವಳ ಕೈಗಿಟ್ಟನಂತೆ. ಹತ್ತಿದ್ಲು, ಆದ್ರೆ ಯಾರ ಮುಖ ಬರೀಲಿ? ಬಾಗಿಲಾಚೆ ರೊಟ್ಟಿ ಸುಡೋ ನೆನ್ಚಾ, ಹುಬ್ಬಿಗೆಲ್ಲಾ ಹಿಟ್ಟು ಮೆತ್ತಿಕೊಂಡು, ರಚ್ಚೆ ಹಿಡಿದ ಮಗೂನ ತಟ್ತಾ ಕೂತಿದ್ಲು. ಸುಸ್ತೋ ಸುಸ್ತು, ಆದ್ರೂ ಕಣ್ಣಲ್ಲಿ ನಗು. ಆ ಮುಖಾನೇ ಬರೆದ್ಲಂತೆ.

ಆಮೇಲೆ ಮಠದ ದೊಡ್ಡಮ್ಮ ಬಂದು, ನೋಡಿ, ಇದು ನಿನ್ನ ಕೈಯಲ್ಲ ಬಾಲ್ದೋ, ಯಾರದು ಅಂದ್ಲಂತೆ. ನನ್ನದೇ ಅಂದಿದ್ರೆ ಅಲ್ಲಿಗೆ ತೀರ್ತಿತ್ತು, ಆದ್ರೆ ಮುದುಕ ಎದ್ದು ನಿಂತು, ನನ್ನ ಮಗಳದು ತಾಯಿ, ಶಿಕ್ಷೆ ಇದ್ರೆ ನನಗೆ ಕೊಡಿ ಅಂದನಂತೆ.

ದೊಡ್ಡಮ್ಮ ನಕ್ಕುಬಿಟ್ಲು. ಶಿಕ್ಷೆ ಯಾಕಪ್ಪಾ? ನಮ್ಮ ಒಳಮನೆಗೆ ಗಂಡಸರು ಕಾಲಿಡೋ ಹಾಗಿಲ್ಲ, ಅದಕ್ಕೇ ಊಟದ ಮನೆ ನಲವತ್ತು ವರ್ಷದಿಂದ ಬೋಳಾಗಿ ಬಿದ್ದಿದೆ, ಊರ ಕಟ್ಟಳೆ ಏನಿದ್ರೂ ನಮ್ಮ ಹೊಸಿಲಾಚೆಗೆ. ಬಾ ಮಗಳೇ, ಮೂರು ಗೋಡೆ ಇವೆ, ನಿಧಾನಕ್ಕೆ ಬರಿ ಅಂದ್ಲಂತೆ.

ಗೋಡೆಗೊಂದು ವರ್ಷದ ಹಾಗೆ ಬರೆದ್ಲಂತೆ. ಬಾಲ್ದೋ ಒಳಗೆ ಹೋಗಿ ನೋಡೋ ಹಾಗಿಲ್ಲವಲ್ಲ, ಅದಕ್ಕೆ ದಿನಾ ಸಂಜೆ ಮಗಳು ರೊಟ್ಟಿ ಸಾರು ಉಣ್ತಾ, ಇವತ್ತು ಇಂಥಾ ಮರ, ಇಂಥಾ ಕುದುರೆ ಬರೆದೆ ಅಂತ ಹೇಳೋಳಂತೆ, ಅವನು ಕಣ್ಣು ಮುಚ್ಚಿಕೊಂಡು ಎಲ್ಲಾ ನೋಡ್ತಾ ಕೂರೋನಂತೆ. ಹಾಗೇ ಸುಖವಾಗಿದ್ರಂತೆ ಇಬ್ಬರೂ, ನಮ್ಮ ಕತೆನೂ ಇಲ್ಲಿಗೆ ಮುಗೀತು ಕಂದಾ.